ಛೇದದಿಂದ ಓದಲು ಆರಂಭಿಸಿ: ಕ್ಷಯರೋಗ ಚಿಕಿತ್ಸೆಯ ಯಶಸ್ಸಿನ ಪ್ರಮಾಣವನ್ನು ಲೆಕ್ಕ ಹಾಕುವ, ಪರಿಶೀಲಿಸುವ ಮತ್ತು ಹೆಚ್ಚಿಸುವ ಬಗೆ

“ನಮ್ಮ ತಾಲ್ಲೂಕಿನಲ್ಲಿ ಕ್ಷಯರೋಗ ಚಿಕಿತ್ಸೆಯ ಯಶಸ್ಸು ಶೇ 88” ಎಂಬ ಸಾಲು ವರದಿಯೊಂದರಲ್ಲಿ ಕಂಡರೆ ಕಣ್ಣು ಸಹಜವಾಗಿ 88ರ ಮೇಲೆ ನಿಲ್ಲುತ್ತದೆ. ಆ ಅಂಕಿ ಎಷ್ಟು ಜನರ ಪೈಕಿ ಬಂದದ್ದು, ಅವರು ಯಾವ ಅವಧಿಯಲ್ಲಿ ನೋಂದಣಿಯಾದವರು, ಯಾರನ್ನೆಲ್ಲ ಲೆಕ್ಕದಿಂದ ಹೊರಗಿಡಲಾಗಿದೆ ಎಂಬುದು ತಿಳಿಯದಿದ್ದರೆ ಅದನ್ನು ಹೊಗಳುವುದಕ್ಕೂ ತೆಗಳುವುದಕ್ಕೂ ಆಧಾರವಿರುವುದಿಲ್ಲ. ಶಾಲೆಯಲ್ಲಿ ಕಲಿತ ಭಿನ್ನರಾಶಿಯಲ್ಲಿ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ. ಕ್ಷಯರೋಗದ ಅಂಕಿಗಳನ್ನು ಓದುವವರು ಛೇದವನ್ನು ಮೊದಲು ನೋಡುವ ಅಭ್ಯಾಸ ಮಾಡಿಕೊಳ್ಳಬೇಕು ಎಂಬುದು ಈ ಬರಹದ ಮುಖ್ಯ ಮಾತು. ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, ಗ್ರಾಮ ಪಂಚಾಯಿತಿ ಸದಸ್ಯರು, ಆರೋಗ್ಯದ ಬಗ್ಗೆ ಬರೆಯುವ ವರದಿಗಾರರು ಮತ್ತು ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಅದಕ್ಕೆ ಕೂಡುವುದು ಮತ್ತು ಭಾಗಿಸುವುದು ಬಂದರೆ ಸಾಕು.

ಮೊದಲು ಸೂತ್ರ, ನಂತರ ಪದಗಳ ಅರ್ಥ

ಒಂದು ನಿರ್ದಿಷ್ಟ ಅವಧಿಯಲ್ಲಿ ನೋಂದಣಿಯಾದ ಕ್ಷಯರೋಗಿಗಳಲ್ಲಿ ಗುಣಮುಖರಾದವರು ಮತ್ತು ಚಿಕಿತ್ಸೆ ಪೂರ್ಣಗೊಳಿಸಿದವರು ಇಬ್ಬರನ್ನೂ ಕೂಡಿಸಿ, ಆ ಅವಧಿಯಲ್ಲಿ ನೋಂದಣಿಯಾದ ಎಲ್ಲರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವುದೇ ಚಿಕಿತ್ಸೆಯ ಯಶಸ್ಸಿನ ಪ್ರಮಾಣ.

ಈ ಎರಡು ಗುಂಪುಗಳ ನಡುವೆ ವ್ಯತ್ಯಾಸವಿದೆ, ಮತ್ತು ವರದಿ ಓದುವವರು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ‘ಗುಣಮುಖ’ ಎಂದು ಬರೆಯಬೇಕಾದರೆ ಆರಂಭದಲ್ಲಿ ಪ್ರಯೋಗಾಲಯದ ಪರೀಕ್ಷೆಯಿಂದ ರೋಗ ಖಚಿತವಾಗಿರಬೇಕು ಮತ್ತು ಚಿಕಿತ್ಸೆಯ ಕೊನೆಯಲ್ಲಿ ಕಫ ಪರೀಕ್ಷಿಸಿದಾಗ ರೋಗಾಣು ಕಾಣದಿರಬೇಕು. ‘ಚಿಕಿತ್ಸೆ ಪೂರ್ಣ’ ಎಂದರೆ ಔಷಧವನ್ನು ಕೊನೆಯವರೆಗೆ ತೆಗೆದುಕೊಂಡಿದ್ದಾರೆ, ರೋಗ ಉಲ್ಬಣಿಸಿದ ಲಕ್ಷಣವಿಲ್ಲ, ಆದರೆ ಕೊನೆಯ ಕಫ ಪರೀಕ್ಷೆಯ ದಾಖಲೆಯಿಲ್ಲ. ಗ್ರಂಥಿಗಳ ಕ್ಷಯ, ಮೂಳೆಯ ಕ್ಷಯ ಮುಂತಾದವುಗಳಲ್ಲಿ ಕಫದ ಪ್ರಶ್ನೆಯೇ ಬರುವುದಿಲ್ಲವಾದ್ದರಿಂದ ‘ಪೂರ್ಣ’ ಎಂಬುದು ಅಲ್ಲಿ ಸಹಜ. ಶ್ವಾಸಕೋಶದ ಕ್ಷಯವಿದ್ದು, ಕಫದಲ್ಲಿ ರೋಗಾಣು ಕಂಡವರ ಪೈಕಿಯೂ ‘ಪೂರ್ಣ’ ಎಂದು ಬರೆದವರೇ ಹೆಚ್ಚಿದ್ದರೆ, ಕೊನೆಯ ಪರೀಕ್ಷೆ ನಡೆದಿಲ್ಲ ಎಂದೇ ಅರ್ಥ. ಒಟ್ಟು ಯಶಸ್ಸಿನ ಅಂಕಿ ಇದನ್ನು ಮರೆಮಾಡುತ್ತದೆ.

ಉಳಿದ ಫಲಿತಾಂಶಗಳು ಇವು: ಮರಣ, ಚಿಕಿತ್ಸೆ ವಿಫಲ, ಮಧ್ಯದಲ್ಲಿ ಚಿಕಿತ್ಸೆ ಬಿಟ್ಟವರು, ಔಷಧಕ್ರಮ ಬದಲಾದವರು ಮತ್ತು ಫಲಿತಾಂಶ ತಿಳಿಯದವರು. ಮರಣದ ವಿಷಯದಲ್ಲಿ ನಿಯಮ ಕಟುವಾಗಿದೆ: ಚಿಕಿತ್ಸೆಯ ಅವಧಿಯಲ್ಲಿ ಯಾವ ಕಾರಣದಿಂದ ತೀರಿಕೊಂಡರೂ, ರಸ್ತೆ ಅಪಘಾತದಿಂದಲೇ ಆದರೂ, ಅದು ಮರಣವೆಂದೇ ದಾಖಲಾಗಬೇಕು. ಈ ಕಟುತನ ಸರಿಯಾದದ್ದೇ. ‘ಇದು ಕ್ಷಯದಿಂದ ಆದ ಸಾವಲ್ಲ’ ಎಂದು ತೀರ್ಮಾನಿಸುವ ಅವಕಾಶ ಕೊಟ್ಟರೆ ಎಲ್ಲ ಸಾವುಗಳೂ ನಿಧಾನವಾಗಿ ಬೇರೆ ಕಾರಣಗಳ ಪಟ್ಟಿಗೆ ಸರಿಯುತ್ತವೆ. ಮಧ್ಯದಲ್ಲಿ ಬಿಟ್ಟವರ ವ್ಯಾಖ್ಯೆ ಎಲ್ಲ ಕಡೆ ಒಂದೇ ಅಲ್ಲ; ವಿಶ್ವ ಆರೋಗ್ಯ ಸಂಸ್ಥೆಯು ಸತತ ಎರಡು ತಿಂಗಳ ಅಂತರವನ್ನು ಹೇಳಿದರೆ, ಭಾರತದ ಮಾರ್ಗಸೂಚಿ ಒಂದು ತಿಂಗಳನ್ನೇ ಸಾಕೆಂದು ಹಿಡಿಯುತ್ತದೆ. ದೇಶದಿಂದ ದೇಶಕ್ಕೆ ಹೋಲಿಸುವವರು ಇದನ್ನು ನೆನಪಿಡಬೇಕು.

ಒಂದು ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ

ಒಂದು ಕ್ಷಯರೋಗ ಘಟಕದಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ತ್ರೈಮಾಸಿಕದಲ್ಲಿ 120 ಜನ ನೋಂದಣಿಯಾದರು ಎಂದು ಭಾವಿಸೋಣ. ಇವರ ಫಲಿತಾಂಶವನ್ನು ಅದೇ ವರ್ಷದ ಜೂನ್‌ನಲ್ಲಿ ಕೇಳಿದರೆ ಉತ್ತರವಿರುವುದಿಲ್ಲ, ಏಕೆಂದರೆ ಸಾಮಾನ್ಯ ಕ್ಷಯಕ್ಕೇ ಆರು ತಿಂಗಳ ಚಿಕಿತ್ಸೆ ಬೇಕು. ಕೆಲವರಿಗೆ ಅದು ಇನ್ನೂ ವಿಸ್ತರಣೆಯಾಗುತ್ತದೆ. ಆದ್ದರಿಂದ ಮುಂದಿನ ವರ್ಷದ ಅದೇ ತ್ರೈಮಾಸಿಕ ಕಳೆದ ಮೇಲೆ ಈ 120 ಹೆಸರುಗಳನ್ನು ಎದುರಿಗಿಟ್ಟುಕೊಂಡು ಕೂರಬೇಕು. ಈ ವರ್ಷ ಚಿಕಿತ್ಸೆ ಮುಗಿಸಿದವರನ್ನು ಈ ವರ್ಷ ನೋಂದಣಿಯಾದವರಿಂದ ಭಾಗಿಸುವುದು ತೀರಾ ಸಾಮಾನ್ಯವಾದ ತಪ್ಪು. ಮೇಲಿನವರು ಒಂದು ಗುಂಪಿನವರು, ಕೆಳಗಿನವರು ಮತ್ತೊಂದು ಗುಂಪಿನವರು ಆಗಿರುವ ಆ ಭಾಗಾಕಾರಕ್ಕೆ ಅರ್ಥವಿಲ್ಲ.

120 ಜನರಲ್ಲಿ 62 ಮಂದಿ ಗುಣಮುಖರಾಗಿದ್ದಾರೆ, 40 ಮಂದಿ ಚಿಕಿತ್ಸೆ ಪೂರ್ಣಗೊಳಿಸಿದ್ದಾರೆ, 7 ಮಂದಿ ತೀರಿಕೊಂಡಿದ್ದಾರೆ, ಒಬ್ಬರಿಗೆ ಚಿಕಿತ್ಸೆ ಫಲಿಸಿಲ್ಲ, 5 ಮಂದಿ ಮಧ್ಯದಲ್ಲಿ ಬಿಟ್ಟಿದ್ದಾರೆ, 3 ಮಂದಿಗೆ ಔಷಧ ನಿರೋಧಕ ಕ್ಷಯ, ಅಂದರೆ ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯ, ಪತ್ತೆಯಾಗಿ ಔಷಧಕ್ರಮ ಬದಲಾಗಿದೆ, 2 ಮಂದಿ ಏನಾದರೆಂದು ಗೊತ್ತಿಲ್ಲ ಎಂದುಕೊಳ್ಳಿ. ಯಶಸ್ಸು 102, 120ರಿಂದ ಭಾಗಿಸಿದರೆ ಶೇ 85. ಈಗ ಔಷಧಕ್ರಮ ಬದಲಾದ ಮೂವರನ್ನೂ ಫಲಿತಾಂಶ ತಿಳಿಯದ ಇಬ್ಬರನ್ನೂ ಛೇದದಿಂದ ತೆಗೆಯಿರಿ: 102ನ್ನು 115ರಿಂದ ಭಾಗಿಸಿದಾಗ ಶೇ 88.7 ಆಗುತ್ತದೆ. ತೀರಿಕೊಂಡವರನ್ನೂ ‘ಬೇರೆ ಕಾರಣ’ ಎಂದು ಬಿಟ್ಟರೆ 108 ಉಳಿದು ಶೇ 94.4ಕ್ಕೆ ಏರುತ್ತದೆ. ಮತ್ತೊಂದು ದಿಕ್ಕಿನಿಂದಲೂ ನೋಡಿ: ಪರೀಕ್ಷೆಯಲ್ಲಿ ಕ್ಷಯವೆಂದು ಖಚಿತವಾದ ಮೇಲೆ ಔಷಧ ಆರಂಭಿಸುವ ಮೊದಲೇ ಕೈತಪ್ಪಿ ಹೋದ, ನೋಂದಣಿಯೇ ಆಗದ ಇನ್ನೂ 10 ಜನರಿದ್ದು, ಅವರನ್ನು ಸೇರಿಸಿದರೆ 102ನ್ನು 130ರಿಂದ ಭಾಗಿಸಬೇಕು, ಆಗ ಉಳಿಯುವುದು ಶೇ 78.5. ಒಬ್ಬ ರೋಗಿಯ ಸ್ಥಿತಿಯೂ ಬದಲಾಗದೆ ಅದೇ ಊರಿನ ಅಂಕಿ 78ರಿಂದ 94ರವರೆಗೆ ಓಡಾಡಿತು. ಔಷಧಕ್ರಮ ಬದಲಾದವರನ್ನು ನಿರೋಧಕ ಕ್ಷಯದ ಪಟ್ಟಿಗೆ ವರ್ಗಾಯಿಸಿ ಅಲ್ಲಿ ಲೆಕ್ಕ ಹಾಕುವ ಕ್ರಮ ಒಪ್ಪಿತವಾದದ್ದೇ. ಆದರೆ ಅವರು ಎರಡು ಪಟ್ಟಿಗಳಿಂದಲೂ ಮಾಯವಾಗಿಲ್ಲ ಎಂಬುದನ್ನು ಕೇಳಿ ತಿಳಿಯಬೇಕು.

ಭಾರತದ ಅಂಕಿ ಕುಸಿದ ವರ್ಷಗಳು

ಛೇದದ ಮಹತ್ವಕ್ಕೆ ನಮ್ಮ ದೇಶದ ಅನುಭವಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವನ್ನು 1992ರಲ್ಲಿ ಪರಾಮರ್ಶಿಸಿದಾಗ, ಚಿಕಿತ್ಸೆ ಆರಂಭಿಸಿದವರಲ್ಲಿ ಅರ್ಧದಷ್ಟು ಜನರೂ ಅದನ್ನು ಪೂರ್ಣಗೊಳಿಸುತ್ತಿರಲಿಲ್ಲವೆಂದು ಕಂಡುಬಂತು. 1993ರಲ್ಲಿ ಪ್ರಾಯೋಗಿಕವಾಗಿ, 1997ರಿಂದ ವ್ಯಾಪಕವಾಗಿ ಜಾರಿಗೆ ಬಂದು 2006ರ ಹೊತ್ತಿಗೆ ಇಡೀ ದೇಶವನ್ನು ತಲುಪಿದ ಪರಿಷ್ಕೃತ ಕಾರ್ಯಕ್ರಮದಲ್ಲಿ, ಕಾರ್ಯಕರ್ತರ ಕಣ್ಣೆದುರೇ ಗುಳಿಗೆ ನುಂಗಿಸುವ ‘ಡಾಟ್ಸ್’ ಪದ್ಧತಿ ಬಂತು ಮತ್ತು ಶೇ 85ರ ಗುರಿಯನ್ನು ದೇಶ ತಲುಪಿತು. ಅದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ಆ ಗುರಿಯ ಛೇದದಲ್ಲಿದ್ದವರು ಮೊದಲ ಬಾರಿಗೆ ರೋಗ ಬಂದ, ಕಫದಲ್ಲಿ ರೋಗಾಣು ಕಂಡ, ಸರ್ಕಾರಿ ಕೇಂದ್ರದಲ್ಲಿ ನೋಂದಣಿಯಾದವರು ಮಾತ್ರ. ರೋಗ ಮರುಕಳಿಸಿದವರು ಬೇರೆ ಪಟ್ಟಿಯಲ್ಲಿದ್ದರು. ಖಾಸಗಿ ವೈದ್ಯರ ಬಳಿ ಹೋದವರು ಯಾವ ಪಟ್ಟಿಯಲ್ಲೂ ಇರಲಿಲ್ಲ.

2012ರ ಮೇ ತಿಂಗಳಲ್ಲಿ, ಖಾಸಗಿ ವೈದ್ಯರೂ ತಮ್ಮ ಕ್ಷಯರೋಗಿಗಳ ಮಾಹಿತಿಯನ್ನು ಸರ್ಕಾರಕ್ಕೆ ಕೊಡುವುದು ಕಡ್ಡಾಯವಾಯಿತು. ಅದೇ ವರ್ಷ ‘ನಿಕ್ಷಯ್’ ಎಂಬ ಗಣಕೀಕೃತ ದಾಖಲೆ ವ್ಯವಸ್ಥೆ ಆರಂಭವಾಯಿತು. ಅದುವರೆಗೆ ಕತ್ತಲಲ್ಲಿದ್ದ ಲಕ್ಷಾಂತರ ರೋಗಿಗಳು ವರ್ಷದಿಂದ ವರ್ಷಕ್ಕೆ ಲೆಕ್ಕದೊಳಗೆ ಬಂದರು, ಆದರೆ ಅವರ ಚಿಕಿತ್ಸೆ ಕೊನೆಗೆ ಏನಾಯಿತೆಂದು ಬರೆದಿಡುವ ಏರ್ಪಾಡು ಅಷ್ಟೇ ವೇಗದಲ್ಲಿ ಬೆಳೆಯಲಿಲ್ಲ. ಪರಿಣಾಮವಾಗಿ ಛೇದ ಹಿಗ್ಗಿತು, ಅಂಶ ಹಿಂದೆ ಉಳಿಯಿತು. ಹೊಸ ರೋಗಿಗಳ ಚಿಕಿತ್ಸೆಯ ಜಾಗತಿಕ ಯಶಸ್ಸು 2013ರಲ್ಲಿ ಶೇ 86 ಇದ್ದದ್ದು 2016ರ ಗುಂಪಿನಲ್ಲಿ ಶೇ 82ಕ್ಕೆ ಇಳಿದಾಗ, ಅದಕ್ಕೆ ಮುಖ್ಯ ಕಾರಣ ಭಾರತದ ಖಾಸಗಿ ವಲಯದ ರೋಗಿಗಳ ಫಲಿತಾಂಶ ದಾಖಲಾಗದಿರುವುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಬರೆಯಿತು. ಒಂದು ದೇಶ ತನ್ನ ರೋಗಿಗಳನ್ನು ಹಿಂದಿಗಿಂತ ಪ್ರಾಮಾಣಿಕವಾಗಿ ಎಣಿಸಲು ಹೊರಟದ್ದರಿಂದ ಇಡೀ ಜಗತ್ತಿನ ಸರಾಸರಿ ಇಳಿಯಿತು. ಆ ಕುಸಿತವನ್ನು ನಾನು ಸೋಲೆಂದು ಕರೆಯಲಾರೆ. ಬಳಿಕ ಫಲಿತಾಂಶ ದಾಖಲಿಸುವ ಖಾಸಗಿ ವೈದ್ಯರಿಗೂ ಪ್ರೋತ್ಸಾಹಧನ ಕೊಡುವ ವ್ಯವಸ್ಥೆ ಬಲವಾಯಿತು. 2023ರಲ್ಲಿ ದೇಶದಲ್ಲಿ ವರದಿಯಾದ ಸುಮಾರು 25.5 ಲಕ್ಷ ರೋಗಿಗಳಲ್ಲಿ ಮೂರನೆಯ ಒಂದು ಭಾಗದಷ್ಟು ಜನ ಖಾಸಗಿ ವಲಯದವರು. ಜಾಗತಿಕ ಪ್ರಮಾಣ 2022ರ ಗುಂಪಿಗೆ ಮತ್ತೆ ಶೇ 88ಕ್ಕೆ ಏರಿತು.

ಆದ್ದರಿಂದ ಎರಡು ವರ್ಷಗಳ ಅಂಕಿಯನ್ನು ಪಕ್ಕಪಕ್ಕದಲ್ಲಿಟ್ಟು ಏರಿತು ಅಥವಾ ಇಳಿಯಿತು ಎಂದು ಬರೆಯುವ ಮೊದಲು, ಆ ಎರಡು ವರ್ಷಗಳ ನಡುವೆ ಛೇದದೊಳಗೆ ಹೊಸದಾಗಿ ಯಾರು ಬಂದರು, ಯಾರು ಹೋದರು ಎಂದು ವಿಚಾರಿಸಿ. ಇಳಿಕೆಯ ಕಾರಣ ಸಾವುಗಳ ಹೆಚ್ಚಳವೋ, ಬಿಟ್ಟವರ ಹೆಚ್ಚಳವೋ ಅಥವಾ ಫಲಿತಾಂಶ ತಿಳಿಯದವರ ಹೆಚ್ಚಳವೋ ಎಂದು ಬಿಡಿಸಿ ನೋಡಿ. ಮೂರಕ್ಕೂ ಮಾಡಬೇಕಾದ ಕೆಲಸ ಬೇರೆ ಬೇರೆ.

ಛೇದದೊಳಗೆ ಬಾರದವರು

1963ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ತುಮಕೂರು ಜಿಲ್ಲೆಯದು. 1959ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿದರು. ಹಳ್ಳಿಗರಿಗೆ ತಿಳಿವಳಿಕೆಯಿಲ್ಲ, ಆದ್ದರಿಂದ ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಿನ ನಂಬಿಕೆ. ಆದರೆ ಬಹುತೇಕ ರೋಗಿಗಳಿಗೆ ತಮಗೆ ಏನೋ ಆಗಿದೆಯೆಂದು ಗೊತ್ತಿತ್ತು. ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಚಿಕಿತ್ಸೆ ಅರಸಿ ಹೋಗಿದ್ದರು. ಅವರನ್ನು ಗುರುತಿಸದೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸಲಾಗುತ್ತಿತ್ತು. ಅವರು ಬಾಗಿಲವರೆಗೆ ಬಂದಿದ್ದರು, ಲೆಕ್ಕದೊಳಗೆ ಬರಲಿಲ್ಲ.

ಅರ್ಧ ಶತಮಾನದ ನಂತರದ ಸ್ಥಿತಿಯನ್ನು 2016ರಲ್ಲಿ ಪ್ರಕಟವಾದ ಮತ್ತೊಂದು ವಿಶ್ಲೇಷಣೆ ಮೆಟ್ಟಿಲು ಮೆಟ್ಟಿಲಾಗಿ ತೋರಿಸಿತು. 2013ರಲ್ಲಿ ದೇಶದಲ್ಲಿದ್ದರೆಂದು ಅಂದಾಜಿಸಿದ ಸುಮಾರು 27 ಲಕ್ಷ ಕ್ಷಯರೋಗಿಗಳಲ್ಲಿ ಶೇ 72 ಮಂದಿ ಸರ್ಕಾರಿ ಕಾರ್ಯಕ್ರಮದ ಕೇಂದ್ರಗಳನ್ನು ತಲುಪಿದರು. ಶೇ 60 ಮಂದಿಗೆ ರೋಗ ಪತ್ತೆಯಾಯಿತು. ಶೇ 53 ಮಂದಿ ಚಿಕಿತ್ಸೆಗೆ ನೋಂದಣಿಯಾದರು. ಶೇ 45 ಮಂದಿ ಅದನ್ನು ಮುಗಿಸಿದರು. ರೋಗ ಮರುಕಳಿಸದೆ ಬದುಕಿ ಉಳಿದವರು ಶೇ 39. ನೋಂದಣಿಯಾದ 53ರಲ್ಲಿ 45 ಎಂದರೆ ಸುಮಾರು ಶೇ 85. ವರದಿಗಳಲ್ಲಿ ನಾವು ಓದುತ್ತಿದ್ದ ಯಶಸ್ಸಿನ ಅಂಕಿ ಇದೇ. ಅದು ಸುಳ್ಳಲ್ಲ, ಒಂದು ಉದ್ದವಾದ ಏಣಿಯ ಎರಡು ಮೆಟ್ಟಿಲುಗಳ ನಡುವಿನ ಅಳತೆ ಅಷ್ಟೇ. ನಿಮ್ಮ ಊರಿಗೂ ಇಂಥ ಏಣಿಯನ್ನು ಬರೆದುಕೊಳ್ಳಬಹುದು: ಕಫ ಪರೀಕ್ಷೆಗೆ ಕಳುಹಿಸಿದವರೆಷ್ಟು, ಖಚಿತವಾದವರೆಷ್ಟು, ಔಷಧ ಆರಂಭಿಸಿದವರೆಷ್ಟು, ಮುಗಿಸಿದವರೆಷ್ಟು. ಪ್ರಯೋಗಾಲಯದ ವಹಿ ಮತ್ತು ಚಿಕಿತ್ಸೆಯ ವಹಿ ಎರಡನ್ನೂ ಪಕ್ಕದಲ್ಲಿಟ್ಟು ಹೆಸರುಗಳನ್ನು ತಾಳೆ ನೋಡುವುದು ಒಂದು ಮಧ್ಯಾಹ್ನದ ಕೆಲಸ.

ಪಂಚಾಯಿತಿಯ ಮಟ್ಟದಲ್ಲಿ

ಕ್ಷಯಮುಕ್ತ ಪಂಚಾಯಿತಿ ಎಂಬ ಮನ್ನಣೆಗೆ ಆರು ಮಾನದಂಡಗಳಿವೆ. ಸಾವಿರ ಜನಸಂಖ್ಯೆಗೆ ಕನಿಷ್ಠ 30 ಶಂಕಿತರ ಪರೀಕ್ಷೆ, ಸಾವಿರಕ್ಕೆ ಒಬ್ಬರನ್ನು ಮೀರದ ರೋಗಿಗಳು, ಶೇ 85ಕ್ಕೆ ಕಡಿಮೆಯಿಲ್ಲದ ಯಶಸ್ಸು, ಕನಿಷ್ಠ ಶೇ 60 ರೋಗಿಗಳಿಗೆ ಔಷಧ ನಿರೋಧಕತೆಯ ಪರೀಕ್ಷೆ, ಎಲ್ಲರಿಗೂ ಪೋಷಣಾ ಹಣ, ಎಲ್ಲರಿಗೂ ಆಹಾರದ ನೆರವು. ಇವುಗಳಲ್ಲಿ ಯಾವುದೊಂದನ್ನೂ ಬಿಡಿಯಾಗಿ ಓದಬಾರದು. ಪರೀಕ್ಷೆಯನ್ನೇ ಮಾಡದ ಊರಿನಲ್ಲಿ ರೋಗಿಗಳು ಕಡಿಮೆಯೇ ಇರುತ್ತಾರೆ.

ಆರು ಸಾವಿರ ಜನರಿರುವ ಪಂಚಾಯಿತಿಯಲ್ಲಿ ವರ್ಷಕ್ಕೆ 180 ಜನರ ಪರೀಕ್ಷೆಯಾಗಿ, ಆರು ರೋಗಿಗಳು ಸಿಕ್ಕಿದ್ದಾರೆ ಎನ್ನೋಣ. ಐವರು ಗುಣವಾಗಿ, ಎಂಬತ್ತು ವರ್ಷದ ಒಬ್ಬ ಅಜ್ಜ ತೀರಿಕೊಂಡರೆ ಯಶಸ್ಸು ಶೇ 83.3; ಊರು ಮಾನದಂಡದಿಂದ ಕೆಳಗೆ ಬೀಳುತ್ತದೆ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಶೇಕಡಾವಾರು ಹೇಳುವುದೇ ತಪ್ಪು ದಾರಿ. ಸಭೆಯಲ್ಲಿ ‘ಆರರಲ್ಲಿ ಐವರು’ ಎಂದು ಹೇಳಿ, ಆರನೆಯವರ ವಿಷಯದಲ್ಲಿ ಏನಾಯಿತು, ಎಷ್ಟು ದಿನ ತಡವಾಗಿ ರೋಗ ಪತ್ತೆಯಾಯಿತು ಎಂದು ಚರ್ಚಿಸಿ; ರೋಗಿಯ ಹೆಸರನ್ನು ಮಾತ್ರ ಸಭೆಗೆ ತರಬೇಡಿ. ಮನ್ನಣೆಯ ಆಸೆಯಿಂದ ಆರನೆಯವರನ್ನು ಮಗಳ ಊರಿನ ಲೆಕ್ಕಕ್ಕೆ ವರ್ಗಾಯಿಸುವ ಯೋಚನೆ ಬಂದರೆ, ಅದನ್ನು ಅಲ್ಲಿಯೇ ತಡೆಯಬೇಕಾದವರು ಸದಸ್ಯರೇ.

ಕಾರ್ಡನ್ನು ಕೈಯಲ್ಲಿ ಹಿಡಿದು

ವರದಿಯ ಅಂಕಿ ಸರಿಯಿದೆಯೇ ಎಂದು ತಿಳಿಯಲು ಹತ್ತು ಚಿಕಿತ್ಸಾ ಕಾರ್ಡುಗಳನ್ನು ಯಾದೃಚ್ಛಿಕವಾಗಿ ಎತ್ತಿಕೊಂಡು ನೋಡುವುದು ನನಗೆ ಗೊತ್ತಿರುವ ಅತ್ಯಂತ ಫಲಕಾರಿ ವಿಧಾನ. ಈಗ ಮಾಹಿತಿ ಮೊಬೈಲಿನಲ್ಲಿಯೇ ಇದ್ದರೂ ನೋಡಬೇಕಾದ ಅಂಶಗಳು ಅವೇ. ಎರಡು ತಿಂಗಳ ಮೊದಲ ಹಂತದಲ್ಲಿ 56 ದಿನಗಳ, ಮುಂದಿನ ನಾಲ್ಕು ತಿಂಗಳಲ್ಲಿ 112 ದಿನಗಳ ಔಷಧ ಹೋಗಿರಬೇಕು, ಒಟ್ಟು 168. ಮೊದಲ ಹಂತದ ಕೊನೆಯಲ್ಲಿ ಒಂದು, ಚಿಕಿತ್ಸೆಯ ಕೊನೆಯಲ್ಲಿ ಒಂದು ಕಫ ಪರೀಕ್ಷೆ ಇರಬೇಕು. ತಿಂಗಳು ತಿಂಗಳೂ ತೂಕ ಬರೆದಿರಬೇಕು. ಎಚ್‌ಐವಿ ಮತ್ತು ಸಕ್ಕರೆ ಕಾಯಿಲೆಯ ಪರೀಕ್ಷೆ ನಡೆದಿರಬೇಕು.

ನಾನು ನೋಡಿದ ಒಂದು ಕಾರ್ಡು ಇನ್ನೂ ಕಣ್ಣ ಮುಂದಿದೆ. ಮೊದಲ ತಿಂಗಳ ತೂಕ 38 ಕೆ.ಜಿ. ಎಂದು ನೀಲಿ ಶಾಯಿಯಲ್ಲಿ ಬರೆದಿತ್ತು. ನಂತರದ ಐದು ಚೌಕಗಳು ಖಾಲಿ. ಔಷಧದ ಚೌಕಗಳಲ್ಲಿ ಮಾತ್ರ ಒಂದೇ ಶಾಯಿಯಲ್ಲಿ, ಒಂದೇ ಒತ್ತಡದಲ್ಲಿ, ಒಂದೇ ಕೂರಿಕೆಯಲ್ಲಿ ಹಾಕಿದಂತಿದ್ದ ಸರಿ ಗುರುತುಗಳು. ಕೊನೆಯಲ್ಲಿ ‘ಚಿಕಿತ್ಸೆ ಪೂರ್ಣ’. ಆ ಮನುಷ್ಯ ಗಾರೆ ಕೆಲಸದವನು. ಅವನ ಮನೆಗೆ ಹೋದಾಗ ಹೆಂಡತಿ ಅಟ್ಟದ ಮೇಲಿನ ತಗಡಿನ ಡಬ್ಬಿಯನ್ನು ಇಳಿಸಿ ತೋರಿಸಿದಳು: ಮೂರನೆಯ ತಿಂಗಳ ಗುಳಿಗೆಯ ಹಾಳೆಗಳು ಒಡೆಯದೆ ಹಾಗೆಯೇ ಇದ್ದವು. “ಕೆಮ್ಮು ನಿಂತಿತ್ತಲ್ಲ ಸರ್, ಕೆಲಸಕ್ಕೆ ಬೆಂಗಳೂರಿಗೆ ಹೋದರು” ಎಂದಳು. ಆ ಕಾರ್ಡು ಆ ತ್ರೈಮಾಸಿಕದ ಯಶಸ್ಸಿನಲ್ಲಿ ಒಂದಾಗಿ ಸೇರಿತ್ತು. ಗುರುತು ಹಾಕಿದವರನ್ನು ದೂರುವುದು ಸುಲಭ. ಆದರೆ ಬಿಟ್ಟವರನ್ನು ಬಿಟ್ಟವರೆಂದು ಬರೆದರೆ ಬೈಗುಳ, ಪೂರ್ಣವೆಂದು ಬರೆದರೆ ಮೆಚ್ಚುಗೆ ಸಿಗುವ ಕಡೆ ಇಂಥ ಕಾರ್ಡುಗಳು ಹುಟ್ಟುತ್ತಲೇ ಇರುತ್ತವೆ. ಮೇಲ್ವಿಚಾರಣೆ ಮಾಡುವವರು ಮೊದಲು ಆ ಭಯವನ್ನು ತೆಗೆಯಬೇಕು.

ಮನೆ ಭೇಟಿಯಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ತಿಳಿಯಲು ಖಾಲಿ ಹಾಳೆಗಳನ್ನು ಎಣಿಸಿ. ಮೂತ್ರದ ಬಣ್ಣವನ್ನೂ ಕೇಳಿ. ಕ್ಷಯದ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಸೇವಿಸಿದ ಕೆಲವು ಗಂಟೆಗಳಲ್ಲಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದರಿಂದ ಹಾನಿಯಿಲ್ಲವೆಂದು ಮೊದಲ ದಿನವೇ ಹೇಳಿರದಿದ್ದರೆ, ರಕ್ತ ಹೋಗುತ್ತಿದೆಯೆಂದು ಹೆದರಿ ಔಷಧ ಬಿಡುವವರೂ ಇದ್ದಾರೆ.

ಪ್ರಮಾಣವನ್ನು ನಿಜವಾಗಿ ಹೆಚ್ಚಿಸುವುದು: ಮೊದಲ ಎರಡು ತಿಂಗಳು

ಕ್ಷಯದ ಚಿಕಿತ್ಸೆಯಲ್ಲಿರುವಾಗ ಆಗುವ ಸಾವುಗಳಲ್ಲಿ ದೊಡ್ಡ ಪಾಲು ಮೊದಲ ಎರಡು ತಿಂಗಳಲ್ಲೇ ಸಂಭವಿಸುತ್ತದೆ. ಆದ್ದರಿಂದ ರೋಗ ಪತ್ತೆಯಾದ ದಿನವೇ ಯಾರ ಜೀವಕ್ಕೆ ಅಪಾಯವಿದೆ ಎಂದು ಗುರುತಿಸಬೇಕು. ನೆರೆಯ ತಮಿಳುನಾಡು 2022ರಲ್ಲಿ ಇದನ್ನು ರಾಜ್ಯವ್ಯಾಪಿ ಯೋಜನೆಯಾಗಿ ಆರಂಭಿಸಿತು. ಎತ್ತರ, ತೂಕ, ಉಸಿರಾಟದ ವೇಗ, ರಕ್ತದ ಆಮ್ಲಜನಕ, ಕಾಲಿನ ಬಾವು ಮತ್ತು ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂಬುದನ್ನು ನೋಡಿದರೆ ಸಾಕು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ದೇಹತೂಕ ಸೂಚ್ಯಂಕ (ಕೆ.ಜಿ.ಯಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 14 ಅಥವಾ ಕಡಿಮೆಯಿದ್ದರೆ, 16ರವರೆಗೆ ಇದ್ದು ಕಾಲು ಬಾತಿದ್ದರೆ, ನಿಮಿಷಕ್ಕೆ 24ಕ್ಕಿಂತ ಹೆಚ್ಚು ಉಸಿರಾಟವಿದ್ದರೆ, ಆಮ್ಲಜನಕ ಶೇ 94ಕ್ಕಿಂತ ಕೆಳಗಿದ್ದರೆ ಅಥವಾ ಆಸರೆಯಿಲ್ಲದೆ ನಿಲ್ಲಲಾಗದಿದ್ದರೆ ಅಂಥವರನ್ನು ಆಸ್ಪತ್ರೆಗೆ ಸೇರಿಸಲು ಕಳುಹಿಸಲಾಗುತ್ತದೆ. ಅಂದಾಜಿಗೆ ಹೇಳುವುದಾದರೆ, 160 ಸೆಂ.ಮೀ. ಎತ್ತರದವರ ತೂಕ 36 ಕೆ.ಜಿ.ಗಿಂತ ಕಡಿಮೆಯಿದ್ದರೆ ಅವರನ್ನು ಗುಳಿಗೆ ಕೊಟ್ಟು ಮನೆಗೆ ಕಳುಹಿಸಬಾರದು.

ಮುಂದಿನದು ಅನ್ನ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ನೇತೃತ್ವದಲ್ಲಿ ಜಾರ್ಖಂಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನವು 2,800 ರೋಗಿಗಳಿಗೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ ಸೇರಿ ಸುಮಾರು 10 ಕೆ.ಜಿ.ಯ ಆಹಾರದ ಚೀಲವನ್ನು ಕೊಟ್ಟಿತು. ಅವರಲ್ಲಿ ಹತ್ತಕ್ಕೆ ಎಂಟು ಮಂದಿ ಕಡಿಮೆ ತೂಕದವರಾಗಿದ್ದರೂ ಚಿಕಿತ್ಸೆಯ ಯಶಸ್ಸು ಶೇ 94ರ ಹತ್ತಿರ ಇತ್ತು. ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಹೆಚ್ಚಿದವರಲ್ಲಿ ಸಾವಿನ ಅಪಾಯ ಸುಮಾರು ಶೇ 60ರಷ್ಟು ಕಡಿಮೆಯಿತ್ತು. ಅದೇ ಚೀಲದ ಚಿಕ್ಕ ರೂಪ ಮನೆಯವರಿಗೂ ಹೋದಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸುವುದು ಶೇ 39ರಷ್ಟು ಇಳಿಯಿತು. 40 ಕೆ.ಜಿ.ಯ ಮನುಷ್ಯನಿಗೆ ಶೇ 5 ಎಂದರೆ ಎರಡು ಕೆ.ಜಿ. ಹೀಗಾಗಿ ಕಾರ್ಡಿನ ತೂಕದ ಚೌಕವನ್ನು ಖಾಲಿ ಬಿಡುವುದು ಸಣ್ಣ ಲೋಪವಲ್ಲ: ಯಾರು ಕೈತಪ್ಪುತ್ತಿದ್ದಾರೆಂದು ಮೊದಲು ಹೇಳುವುದು ಆ ಚೌಕವೇ. 2018ರಲ್ಲಿ ತಿಂಗಳಿಗೆ ₹500 ಇದ್ದ ನಿಕ್ಷಯ್ ಪೋಷಣಾ ಯೋಜನೆಯ ನೆರವು 2024ರ ನವೆಂಬರ್‌ನಿಂದ ₹1,000 ಆಗಿದೆ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿಯಿಲ್ಲದೆ ಹಣ ನಿಂತಿದೆಯೇ ಎಂದು ಮೊದಲ ವಾರವೇ ವಿಚಾರಿಸಿ; ಚಿಕಿತ್ಸೆ ಮುಗಿದ ಮೇಲೆ ಬಂದ ಹಣದಿಂದ ಆ ಎರಡು ತಿಂಗಳ ಬೇಳೆ ಬೇಯುವುದಿಲ್ಲ.

ಮಧ್ಯದಲ್ಲಿ ಬಿಡದಂತೆ

ಆರಾಮವೆನಿಸಿದಾಗ, ವಾಂತಿಯಾದಾಗ, ಊರು ಬಿಟ್ಟಾಗ, ಕುಡಿತಕ್ಕೆ ಮರಳಿದಾಗ ಜನ ಔಷಧ ಬಿಡುತ್ತಾರೆ. ಆರಾಮವೆನಿಸುವುದು ಎರಡನೆಯ ತಿಂಗಳ ಹೊತ್ತಿಗೆ. ಆದ್ದರಿಂದ ಮೂರನೆಯ ತಿಂಗಳ ಮೊದಲ ವಾರದಲ್ಲಿ ಒಂದು ಮನೆ ಭೇಟಿ ಕಡ್ಡಾಯವಾಗಿರಲಿ. ವಾಂತಿ, ಕಣ್ಣು ಹಳದಿಯಾಗುವುದು, ದೃಷ್ಟಿ ಮಂಜಾಗುವುದು ಕಂಡರೆ ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಹಳದಿ ಕಾಮಾಲೆ ಬಂದವರಿಗೆ ‘ಔಷಧ ಬಿಡಬೇಡಿ’ ಎಂದು ಒತ್ತಾಯಿಸುವುದು ಅಪಾಯಕಾರಿ. ಯಾವುದನ್ನು ನಿಲ್ಲಿಸಬೇಕು, ಯಾವಾಗ ಮತ್ತೆ ಆರಂಭಿಸಬೇಕು ಎಂಬುದು ವೈದ್ಯರ ತೀರ್ಮಾನ. ವಲಸೆ ಹೋಗುವವರಿಗೆ ಹೋಗುವ ಮೊದಲೇ ನಿಕ್ಷಯ್ ಗುರುತಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಡಿ, ಮೊಬೈಲಿನಲ್ಲಿ ಅದರ ಚಿತ್ರ ತೆಗೆಸಿ, ಕೆಲವು ದಿನಗಳ ಔಷಧ ಕೊಟ್ಟು ಕಳುಹಿಸಿ. ಹೋದ ಊರಿನ ಕೇಂದ್ರದವರು ವರ್ಗಾವಣೆಯನ್ನು ಒಪ್ಪಿಕೊಂಡು ಔಷಧ ಕೊಟ್ಟಿದ್ದಾರೆಂದು ಫೋನಿನಲ್ಲಿ ಖಚಿತವಾಗುವವರೆಗೆ ಆ ರೋಗಿ ನಿಮ್ಮವರೇ. 1800-11-6666 ಎಂಬ ಉಚಿತ ಸಹಾಯವಾಣಿಯ ಸಂಖ್ಯೆಯನ್ನೂ ಅದೇ ಚೀಟಿಯಲ್ಲಿ ಬರೆಯಬಹುದು.

ಬಿಟ್ಟವರ ಬಗ್ಗೆ ಇಷ್ಟೊಂದು ಹಟ ಏಕೆ ಎಂದು ಕೇಳುವವರಿಗೆ, ಬೆಂಗಳೂರು ಸುತ್ತಲಿನ ಹಳ್ಳಿಗಳಲ್ಲಿ 1960ರ ದಶಕದಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕಂಡದ್ದನ್ನು ಹೇಳಬೇಕು. ಸಂಘಟಿತ ಚಿಕಿತ್ಸೆಯೇ ಇಲ್ಲದ ಆ ದಿನಗಳಲ್ಲಿ, ಕಫದಲ್ಲಿ ರೋಗಾಣುವಿದ್ದವರಲ್ಲಿ ಐದು ವರ್ಷಗಳ ಕೊನೆಗೆ ಸುಮಾರು ಅರ್ಧದಷ್ಟು ಜನ ತೀರಿಕೊಂಡಿದ್ದರು. ಸುಮಾರು ಶೇ 18 ಮಂದಿ ಇನ್ನೂ ರೋಗಾಣುವನ್ನು ಹರಡುತ್ತಿದ್ದರು. ಮೂರರಲ್ಲೊಂದು ಪಾಲು ಮಾತ್ರ ತಾನಾಗಿ ವಾಸಿಯಾಗಿತ್ತು.

ನಿರೋಧಕ ಕ್ಷಯ ಮತ್ತು ಚಿಕಿತ್ಸೆಯ ನಂತರ

ಔಷಧ ನಿರೋಧಕ ಕ್ಷಯದ ಪ್ರಮಾಣವನ್ನು ಎಂದಿಗೂ ಸಾಮಾನ್ಯ ಕ್ಷಯದ ಜೊತೆ ಬೆರೆಸಿ ಹೇಳಬಾರದು. ಜಾಗತಿಕವಾಗಿ 2021ರಲ್ಲಿ ಚಿಕಿತ್ಸೆ ಆರಂಭಿಸಿದವರಲ್ಲಿ ಯಶಸ್ಸು ಶೇ 68 ಮಾತ್ರ. ಹಿಂದೆ ಇಪ್ಪತ್ತು ತಿಂಗಳವರೆಗೆ ಎಳೆಯುತ್ತಿದ್ದ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸುವ, ಬೆಡಾಕ್ವಿಲಿನ್, ಪ್ರಿಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಾಸಿನ್ ಒಳಗೊಂಡ ಹೊಸ ಔಷಧಕ್ರಮಕ್ಕೆ 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಅನುಮತಿ ಕೊಟ್ಟಿದೆ. ಮುಂದಿನ ವರ್ಷಗಳ ಅಂಕಿಯನ್ನು ಹಿಂದಿನವುಗಳೊಂದಿಗೆ ಹೋಲಿಸುವಾಗ ಈ ಬದಲಾವಣೆಯನ್ನು ಪಕ್ಕದಲ್ಲಿ ಬರೆದಿಡಿ. ನಿರೋಧಕತೆಯನ್ನು ಬೇಗ ಹಿಡಿಯಲು ಆರಂಭದಲ್ಲಿಯೇ ರೋಗಾಣುವಿನ ವಂಶವಾಹಿಯನ್ನು ಗುರುತಿಸುವ ಸಿಬಿನ್ಯಾಟ್ ಅಥವಾ ಬೆಂಗಳೂರಿನ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನ್ಯಾಟ್ ಪರೀಕ್ಷೆ ಆಗಿರಬೇಕು. ಅದಾಗದಿದ್ದರೆ ನಿರೋಧಕ ರೋಗಿಯೊಬ್ಬರು ತಿಂಗಳುಗಟ್ಟಲೆ ಫಲವಿಲ್ಲದ ಗುಳಿಗೆ ನುಂಗುತ್ತಾ ಸಾಮಾನ್ಯರ ಪಟ್ಟಿಯಲ್ಲಿ ಉಳಿಯುತ್ತಾರೆ.

ಚಿಕಿತ್ಸೆ ಮುಗಿದವರನ್ನು 6, 12, 18 ಮತ್ತು 24ನೆಯ ತಿಂಗಳಲ್ಲಿ ಮತ್ತೆ ಕಂಡು, ಕೆಮ್ಮು, ಜ್ವರ, ತೂಕದ ಇಳಿಕೆ ಇದೆಯೇ ಎಂದು ಕೇಳಿ, ಇದ್ದರೆ ಕಫ ಪರೀಕ್ಷಿಸಬೇಕೆಂಬ ನಿಯಮವಿದೆ. ವಹಿಯಲ್ಲಿ ‘ಯಶಸ್ಸು’ ಎಂದು ಬರೆದ ದಿನವೇ ಆ ನಾಲ್ಕು ದಿನಾಂಕಗಳನ್ನು ಅದೇ ಸಾಲಿನ ಎದುರು ಬರೆದಿಡಿ. ಮರುಕಳಿಸಿದವರು ಸಿಕ್ಕರೆ ಅವರು ಹೊಸ ಗುಂಪಿನ ಛೇದದಲ್ಲಿ ಸೇರುತ್ತಾರೆ. ಹಳೆಯ ಸಾಲಿನಲ್ಲಿ ಅವರ ಹೆಸರಿನ ಪಕ್ಕದಲ್ಲಿಯೂ ಒಂದು ಗುರುತು ಇರಲಿ.